ಅಡಾಪ್ಟರ್ ಕಿತ್ತ ಕೂಡಲೇ ಕರ್ನಲ್ ಬಿದ್ದುಹೋಗುತ್ತಾ? ನೆಟ್‌ವರ್ಕ್ ಡ್ರೈವರ್ ಸರಿ ಮಾಡುವ ಬಗೆ

ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಮೂಲಕ ದೊಡ್ಡದೊಂದು ಫೈಲ್ ಕಾಪಿ ಆಗುತ್ತಿರುವಾಗ ಅಡಾಪ್ಟರನ್ನು ಸುಮ್ನೆ ಕಿತ್ತುಬಿಡಿ. ಕಾಪಿ ನಿಲ್ಲಬೇಕು, ಇಂಟರ್‌ಫೇಸ್ ಪಟ್ಟಿಯಿಂದ ಹೋಗಬೇಕು, ಲಾಗಿನಲ್ಲಿ ಒಂದೆರಡು ಸಾಲು ಬರಬೇಕು. ಅಷ್ಟೇ. ಸಾಮಾನ್ಯವಾಗಿ ಹಾಗೇ ಆಗುತ್ತದೆ. ಆದರೆ ಯಾವಾಗಲೋ ಒಮ್ಮೆ ಮಷಿನ್ ಪೂರ್ತಿ ನಿಂತುಹೋಗುತ್ತದೆ, ಅಥವಾ ಕಿತ್ತು ಎರಡು ನಿಮಿಷ ಆದಮೇಲೆ ಸಂಬಂಧವೇ ಇಲ್ಲದ ಇನ್ನೆಲ್ಲೋ ಕ್ರ್ಯಾಶ್ ಆಗುತ್ತದೆ, ಅಥವಾ ರೀಬೂಟ್ ಮಾಡಲು ಹೋದರೆ ಮುಗಿಯುವುದೇ ಇಲ್ಲ. ಮೂರೂ ಒಂದೇ ಜಾತಿಯ ತೊಂದರೆ.

ಈ ಬರಹ ಲಿನಕ್ಸ್ ಡ್ರೈವರ್ ಕೋಡ್ ಮುಟ್ಟುವವರಿಗೆ. ಚಿಪ್ ಕಂಪನಿ ಕೊಟ್ಟ ಹಳೇ ಡ್ರೈವರನ್ನು ಸಂಭಾಳಿಸುವ ಕೆಲಸ ನಿಮ್ಮ ತಲೆಗೆ ಬಿದ್ದಿರಬಹುದು, ಇಲ್ಲವೇ ಮೇನ್‌ಲೈನ್ (ಲಿನಕ್ಸ್‌ನ ಮೂಲ ಕರ್ನಲ್) ಡ್ರೈವರಿನಲ್ಲೇ ತೊಂದರೆ ಕಂಡಿರಬಹುದು. ಬರೀ ಬಳಸುವವರಾದರೆ ಮೊದಲು ಹೊಸ ಕರ್ನಲ್ ಹಾಕಿ ನೋಡಿ, ಈ ತರಹದ ಬಗ್‌ಗಳು ಅಲ್ಲಿ ಸರಿಹೋಗುತ್ತಲೇ ಇರುತ್ತವೆ. ಫಂಕ್ಷನ್ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಕೋಡ್ ಓದಿದವರಿಗೆ ಯಾವುದು ಅಂತ ಗೊತ್ತಾಗಿಬಿಡುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಕ್ರ್ಯಾಶ್ ಕಂಡ ಕೂಡಲೇ ಎಲ್ಲರೂ ಮಾಡುವುದು ಒಂದೇ ಕೆಲಸ: ಕ್ರ್ಯಾಶ್ ಆದ ಸಾಲಿನ ಮೇಲೆ ಒಂದು ನಲ್ ಚೆಕ್ ಹಾಕುವುದು. ಅದರಿಂದ ಏನೂ ಸರಿಹೋಗುವುದಿಲ್ಲ. ಪಾಯಿಂಟರ್ ನಲ್ ಆಗಿರುವುದೇ ಇಲ್ಲ, ಫ್ರೀ ಆದ ಮೆಮೊರಿಯನ್ನು ತೋರಿಸುತ್ತಾ ಕೂತಿರುತ್ತದೆ. ಫ್ರೀ ಮಾಡುವವರು ಅದನ್ನು ನಲ್ ಮಾಡುವಂತಿದ್ದರೂ, ನೀವು ಚೆಕ್ ಮಾಡಿ ದಾಟಿದ ಮರುಕ್ಷಣ ಇನ್ನೊಂದು ಸಿಪಿಯು ಅದನ್ನು ಫ್ರೀ ಮಾಡಬಹುದು. ಕಿತ್ತಾಗ ಹಾರ್ಡ್‌ವೇರ್ ಹೋಗುತ್ತದೆ, ಆದರೆ ಅದಕ್ಕೆ ಕೆಲಸ ಹಚ್ಚುತ್ತಿದ್ದ ಟೈಮರ್, ವರ್ಕ್ (ಆಮೇಲೆ ಮಾಡಲು ಕ್ಯೂಗೆ ಹಾಕಿಟ್ಟ ಕೆಲಸ), ಇಂಟರಪ್ಟ್, ಟಾಸ್ಕ್‌ಲೆಟ್ (ಅದೇ ತರಹ ಮುಂದೂಡಿದ, ಆದರೆ ನಿದ್ದೆ ಹೋಗಲಾಗದ ಕೆಲಸ) ಎಲ್ಲವೂ ಇನ್ನೂ ಬದುಕಿರುತ್ತವೆ. ಅವನ್ನು ಯಾವ ಕ್ರಮದಲ್ಲಿ ನಿಲ್ಲಿಸುತ್ತೀರಿ ಅನ್ನುವುದರಲ್ಲೇ ಎಲ್ಲಾ ಇದೆ.

ಮೊದಲು ಲಾಗ್ ಓದಿ

ಕರ್ನಲ್ ಊಪ್ಸ್ (ಕರ್ನಲ್ ಎಡವಿದಾಗ ಲಾಗ್‌ಗೆ ಬರೆಯುವ ವರದಿ) ಬಂದಾಗ ಬರೀ ಮೇಲಿನ ಸಾಲು ನೋಡಿ ತೀರ್ಮಾನ ಮಾಡಬೇಡಿ. ರಿಜಿಸ್ಟರ್‌ಗಳ ಕಡೆ ಕಣ್ಣು ಹಾಯಿಸಿ. ಸ್ಲ್ಯಾಬ್ ಡಿಬಗ್‌ನ (ಕರ್ನಲ್ ಮೆಮೊರಿ ಹಂಚಿಕೆಯನ್ನು ಪರೀಕ್ಷಿಸುವ ಆಯ್ಕೆ) ಪಾಯ್ಸನ್ ಆನ್ ಇದ್ದರೆ ಫ್ರೀ ಆದ ಮೆಮೊರಿಗೆ ಕರ್ನಲ್ 6ಬಿ ಅನ್ನುವ ಬೈಟ್ ತುಂಬಿಸಿಡುತ್ತದೆ. ಯಾವುದಾದರೂ ರಿಜಿಸ್ಟರ್‌ನಲ್ಲಿ 6ಬಿ6ಬಿ6ಬಿ6ಬಿ ಅಂತ ಸಾಲಾಗಿ ಕಂಡರೆ ಮುಗಿಯಿತು, ಫ್ರೀ ಆದಮೇಲೆ ಯಾರೋ ಬಳಸಿದ್ದಾರೆ. ವಿಳಾಸ ‘ಡೆಡ್’ ಅಂತ ಶುರುವಾಗಿ ಕೊನೆಗೆ 100 ಅಥವಾ 122 ಇದ್ದರೆ ಅದು ಲಿಸ್ಟ್‌ನಿಂದ ಆಗಲೇ ತೆಗೆದ ನೋಡ್, ಅದನ್ನು ಮತ್ತೆ ಮುಟ್ಟಿದ್ದೀರಿ.

ಇದಕ್ಕಿಂತ ಒಳ್ಳೆಯ ದಾರಿ ಕೆಎಸ್ಯಾನ್, ಮೆಮೊರಿಯನ್ನು ತಪ್ಪಾಗಿ ಮುಟ್ಟಿದವರನ್ನು ಹಿಡಿಯುವ ಕರ್ನಲ್‌ನದೇ ಸಾಧನ. 2015ರಲ್ಲಿ ಬಂದ 4.0 ಕರ್ನಲ್‌ನಿಂದಲೇ ಇದೆ. ಆನ್ ಮಾಡಿ ಕರ್ನಲ್ ಬಿಲ್ಡ್ ಮಾಡಿ. ಮೆಮೊರಿಯ ಎಂಟನೇ ಒಂದು ಭಾಗ ಅದಕ್ಕೇ ಹೋಗುತ್ತದೆ, ಮಷಿನ್ ನಿಧಾನ ಆಗುತ್ತದೆ, ಆಗಲಿ ಬಿಡಿ. ಬದಲಿಗೆ ನಿಮಗೆ ಮೂರು ಸ್ಟ್ಯಾಕ್ ಸಿಗುತ್ತವೆ: ಯಾರು ತಪ್ಪಾಗಿ ಮುಟ್ಟಿದರು, ಆ ಮೆಮೊರಿಯನ್ನು ಯಾರು ಅಲೊಕೇಟ್ ಮಾಡಿದ್ದರು, ಯಾರು ಫ್ರೀ ಮಾಡಿದರು. ಯುಎಸ್‌ಬಿ ಕಿತ್ತ ಕೇಸ್‌ನಲ್ಲಿ ಮೂರನೆಯದು ಹೆಚ್ಚಾಗಿ ‘ಹಬ್_ಇವೆಂಟ್’ನಿಂದ ಶುರುವಾಗಿ, ನಿಮ್ಮ ಡ್ರೈವರಿನ ಡಿಸ್‌ಕನೆಕ್ಟ್ (ಡಿವೈಸ್ ಹೋದಾಗ ಕರ್ನಲ್ ಕರೆಯುವ ಫಂಕ್ಷನ್) ಹಾದು, ನೆಟ್‌ಡೆವ್ ಅಂದರೆ ಇಂಟರ್‌ಫೇಸಿನ ಸ್ಟ್ರಕ್ಚರನ್ನು ಫ್ರೀ ಮಾಡುವ ‘ಫ್ರೀ_ನೆಟ್‌ಡೆವ್’ನಲ್ಲಿ ಮುಗಿಯುತ್ತದೆ. ಅದು ಗೊತ್ತಿದ್ದದ್ದೇ. ನೋಡಬೇಕಾದ್ದು ಮೊದಲನೆಯದನ್ನು. ಅಲ್ಲಿ ಟೈಮರ್ ಇದೆಯಾ, ವರ್ಕ್‌ಕ್ಯೂ ಇದೆಯಾ, ಇಂಟರಪ್ಟ್ ಇದೆಯಾ ಅನ್ನುವುದರ ಮೇಲೆ ಮುಂದಿನ ದಾರಿ ನಿಲ್ಲುತ್ತದೆ.

ಅದರ ಜೊತೆಗೆ ಡಿಬಗ್ ಆಬ್ಜೆಕ್ಟ್ಸ್ ಅನ್ನೂ ಟೈಮರ್ ಮತ್ತು ವರ್ಕ್ ಎರಡಕ್ಕೂ ಆನ್ ಮಾಡಿ. ಓಡುತ್ತಿರುವ ಟೈಮರನ್ನು ಒಳಗಿಟ್ಟುಕೊಂಡೇ ಸ್ಟ್ರಕ್ಚರ್ ಫ್ರೀ ಮಾಡಿದರೆ ಅದು ಅಲ್ಲೇ ಕೂಗಿಕೊಳ್ಳುತ್ತದೆ, ಕ್ರ್ಯಾಶ್ ಆಗುವವರೆಗೆ ಕಾಯಬೇಕಾಗಿಲ್ಲ. ಲಾಕ್‌ಗಳ ಕ್ರಮ ಪರೀಕ್ಷಿಸುವ ಲಾಕ್‌ಡೆಪ್ ಕೂಡ ಇರಲಿ. ಯಾಕೆ ಅಂತ ಕೆಳಗೆ ಬರುತ್ತದೆ.

ಬೇಕೆಂದಾಗ ಕ್ರ್ಯಾಶ್ ಆಗುವಂತೆ ಮಾಡಿಕೊಳ್ಳಿ

ಇದೇ ಅರ್ಧ ಕೆಲಸ. ‘ಹತ್ತಿಪ್ಪತ್ತು ಸಲ ಕಿತ್ತು ಹಾಕಿದೆ, ಕ್ರ್ಯಾಶ್ ಆಗಲಿಲ್ಲ, ಸರಿಹೋಗಿದೆ’ ಅನ್ನುವುದು ಪರೀಕ್ಷೆ ಅಲ್ಲ.

ಟ್ರಾಫಿಕ್ ಇಲ್ಲದೆ ಕಿತ್ತರೆ ಏನೂ ಗೊತ್ತಾಗುವುದಿಲ್ಲ. ಐಪರ್ಫ್ ಓಡಿಸಿ, ಎರಡೂ ದಿಕ್ಕಿನಲ್ಲಿ. ಪಕ್ಕದಲ್ಲಿ ಇನ್ನೊಂದು ಟರ್ಮಿನಲ್‌ನಲ್ಲಿ ಈಥ್‌ಟೂಲ್ ಲೂಪ್ ಹಾಕಿ ಸುಮ್ನೆ ಸ್ಟ್ಯಾಟಿಸ್ಟಿಕ್ಸ್ ಕೇಳುತ್ತಿರಿ. ಮತ್ತೊಂದರಲ್ಲಿ ಇಂಟರ್‌ಫೇಸನ್ನು ಅಪ್, ಡೌನ್ ಮಾಡುತ್ತಿರಿ. ಈಗ ಕೀಳಿ.

ಕೈಯಲ್ಲಿ ಕಿತ್ತು ಕಿತ್ತು ಬೇಜಾರಾದರೆ ಸಿಸ್‌ಎಫ್‌ಎಸ್ ಇದೆ, ಡಿವೈಸ್, ಡ್ರೈವರ್‌ಗಳನ್ನು ಕರ್ನಲ್ ಫೈಲ್‌ಗಳಾಗಿ ತೋರಿಸುವ ಜಾಗ. ಡ್ರೈವರ್ ಫೋಲ್ಡರಿನ ‘ಅನ್‌ಬೈಂಡ್’ ಫೈಲಿಗೆ ಇಂಟರ್‌ಫೇಸ್ ಹೆಸರು ಬರೆದರೆ ಡಿಸ್‌ಕನೆಕ್ಟ್ ಓಡುತ್ತದೆ. ಡಿವೈಸ್ ಫೋಲ್ಡರಿನ ‘ಆಥರೈಸ್ಡ್’ ಫೈಲಿಗೆ 0 ಬರೆದರೂ ಹಾಗೇ. ಪಿಸಿಐ ಕಾರ್ಡ್ ಆದರೆ ‘ರಿಮೂವ್’ ಫೈಲಿಗೆ 1. ಇವನ್ನೆಲ್ಲ ಶೆಲ್ ಸ್ಕ್ರಿಪ್ಟ್‌ನಲ್ಲಿ ಹಾಕಿ ರಾತ್ರಿಯಿಡೀ ಓಡಿಸಬಹುದು. ಆದರೆ ಒಂದು ವಿಷಯ ಮರೆಯಬೇಡಿ: ಇವು ಯಾವುದೂ ನಿಜವಾದ ಕೀಳುವಿಕೆ ಅಲ್ಲ. ಹಾರ್ಡ್‌ವೇರ್ ಇನ್ನೂ ಅಲ್ಲೇ ಇದೆ, ಕೇಳಿದ್ದಕ್ಕೆಲ್ಲಾ ಸರಿಯಾಗಿ ಉತ್ತರ ಕೊಡುತ್ತಿದೆ. ಹಾಗಾಗಿ ಡಿಸ್‌ಕನೆಕ್ಟ್ ಕ್ರಮದ ತಪ್ಪುಗಳು ಇದರಲ್ಲಿ ಸಿಕ್ಕಿಬೀಳುತ್ತವೆ, ಸತ್ತ ಹಾರ್ಡ್‌ವೇರ್ ಜೊತೆ ಮಾತಾಡುವ ತಪ್ಪುಗಳು ಸಿಕ್ಕಿಬೀಳುವುದಿಲ್ಲ. ಅವಕ್ಕೆ ಪವರ್ ನಿಜವಾಗಿ ಹೋಗಬೇಕು. ಪೋರ್ಟ್ ಪೋರ್ಟ್‌ಗೂ ಬೇರೆಯಾಗಿ ಕರೆಂಟ್ ಆಫ್ ಮಾಡಬಲ್ಲ ಹಬ್ ಸಿಕ್ಕರೆ ‘ಯುಹಬ್‌ಸಿಟಿಎಲ್’ ಅನ್ನುವ ಟೂಲ್‌ನಿಂದ ಸ್ಕ್ರಿಪ್ಟ್‌ನಲ್ಲೇ ಮಾಡಬಹುದು. ಎಸ್‌ಪಿ ರಸ್ತೆಯಲ್ಲಿ ಕಡಿಮೆ ರೇಟಿಗೆ ಸಿಗುವ ಹಬ್‌ಗಳಲ್ಲಿ ಈ ಸೌಲಭ್ಯ ಇರುತ್ತೆ ಅಂತ ನಂಬಿ ಹೋಗಬೇಡಿ, ಆ ಟೂಲ್‌ನ ಜೊತೆಗಿರುವ ಪಟ್ಟಿಯಲ್ಲಿ ಮಾಡೆಲ್ ನೋಡಿಕೊಂಡು ತೊಗೊಳ್ಳಿ. ಇಲ್ಲವಾದರೆ ಕೈಯೇ ಗತಿ.

ಇನ್ನೊಂದು ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ. ರೇಸ್ (ಎರಡು ಕೆಲಸಗಳ ಕ್ರಮ ತಪ್ಪಿ ಕೆಡುವ ಸಂದರ್ಭ) ಎಲ್ಲಿದೆ ಅನ್ನುವ ಅನುಮಾನ ಬಂದರೆ ಆ ಜಾಗದಲ್ಲಿ ಎರಡು ಸೆಕೆಂಡ್ ನಿದ್ದೆ ಹಾಕಿ. ಉದಾಹರಣೆಗೆ ಲಿಂಕ್ ಬದಲಾದಾಗ ಓಡುವ ವರ್ಕ್ ಫಂಕ್ಷನ್‌ನ ಮೊದಲ ಸಾಲಿನಲ್ಲೇ ‘ಎಂಸ್ಲೀಪ್’ 2000. ಈಗ ಲ್ಯಾನ್ ಕೇಬಲ್ ಎಳೆಯಿರಿ, ವರ್ಕ್ ಶುರುವಾಗಿ ಮಲಗುತ್ತದೆ, ಅದು ಏಳುವುದರೊಳಗೆ ಅಡಾಪ್ಟರನ್ನೇ ಕೀಳಿ. ಅನುಮಾನ ಸರಿಯಿದ್ದರೆ ಪ್ರತಿ ಸಲವೂ ಕ್ರ್ಯಾಶ್. ಮೊದಲು ತಿಂಗಳಿಗೊಮ್ಮೆ ಆಗುತ್ತಿದ್ದದ್ದು ಈಗ ಕೇಳಿದಾಗೆಲ್ಲ ಆಗುತ್ತದೆ. ಸರಿ ಮಾಡಿದ ಮೇಲೂ ಆ ನಿದ್ದೆಯನ್ನು ಹಾಗೇ ಬಿಟ್ಟು ಮತ್ತೆ ಪರೀಕ್ಷೆ ಮಾಡಿ, ಆಮೇಲೆ ತೆಗೆಯಿರಿ. (ತೆಗೆಯುವುದನ್ನು ಮರೆಯಬೇಡಿ. ಮರೆತವರಿದ್ದಾರೆ.)

ಹತ್ತೊಂಬತ್ತು ವರ್ಷ ಉಳಿದ ಬಗ್

ಕ್ರಮ ಎಷ್ಟು ಮುಖ್ಯ ಅನ್ನುವುದಕ್ಕೆ ‘ಯುಎಸ್‌ಬಿನೆಟ್’ ಕಥೆಗಿಂತ ಒಳ್ಳೆಯ ಪಾಠ ಇಲ್ಲ. ಬಹಳಷ್ಟು ಯುಎಸ್‌ಬಿ ಲ್ಯಾನ್ ಡ್ರೈವರ್‌ಗಳು ಇದರ ಮೇಲೇ ಕೂತಿವೆ.

ಇದರಲ್ಲಿ ನಿದ್ದೆ ಹೋಗಬಹುದಾದ ಕೆಲಸಗಳನ್ನು ಮಾಡಲು ಒಂದು ವರ್ಕ್ ಇದೆ. ಇಂಟರ್‌ಫೇಸ್ ನಿಲ್ಲಿಸುವಾಗ, ಅಂದರೆ ‘ಎನ್‌ಡಿಒ_ಸ್ಟಾಪ್’ನಲ್ಲಿ, ಆ ವರ್ಕ್ ಮುಗಿಯುವವರೆಗೆ ಕಾಯುತ್ತಿದ್ದರು. 2003ರಲ್ಲಿ ಒಂದು ಡೆಡ್‌ಲಾಕ್ ಕಂಡಿತು. ಆಗಿನ ಕರ್ನಲ್‌ನಲ್ಲಿ ಒಂದೇ ಒಂದು ವರ್ಕಿಗೆ ಅಂತ ಕಾಯುವುದಕ್ಕೆ ಆಗುತ್ತಿರಲಿಲ್ಲ, ಕ್ಯೂನಲ್ಲಿರುವ ಎಲ್ಲರದ್ದೂ ಮುಗಿಯುವವರೆಗೆ ಕಾಯಬೇಕಿತ್ತು. ‘ಎನ್‌ಡಿಒ_ಸ್ಟಾಪ್’ ಓಡುವಾಗ, ನೆಟ್‌ವರ್ಕ್ ಸೆಟ್ಟಿಂಗ್ ಬದಲಾಯಿಸುವವರು ಹಿಡಿಯುವ ಆರ್‌ಟಿಎನ್‌ಎಲ್ ಲಾಕ್ ಕೈಯಲ್ಲಿರುತ್ತದೆ. ಕ್ಯೂನಲ್ಲಿರುವ ಇನ್ಯಾರದ್ದೋ ವರ್ಕ್ ಅದೇ ಲಾಕಿಗೆ ಕಾದು ಕೂತರೆ ಇಬ್ಬರೂ ಅಲ್ಲೇ. ಸರಿ, ಕಾಯುವ ಕೆಲಸವನ್ನು ಡಿಸ್‌ಕನೆಕ್ಟ್‌ಗೆ, ‘ಅನ್‌ರಿಜಿಸ್ಟರ್_ನೆಟ್‌ಡೆವ್’ ಆದಮೇಲಿನ ಜಾಗಕ್ಕೆ ಸಾಗಿಸಿದರು.

ಡೆಡ್‌ಲಾಕ್ ಹೋಯಿತು, ಹೊಸದೊಂದು ಬಂತು. ಕೀಳುವುದಕ್ಕೆ ಸ್ವಲ್ಪ ಮುಂಚೆ ಲಿಂಕ್ ಬದಲಾದ ಸುದ್ದಿ ಬಂದರೆ ವರ್ಕ್ ಕ್ಯೂಗೆ ಸೇರುತ್ತದೆ. ಇತ್ತ ನೆಟ್‌ಡೆವ್ ಅನ್‌ರಿಜಿಸ್ಟರ್ ಆಗುತ್ತದೆ. ಆಮೇಲೆ ವರ್ಕ್ ಓಡಿ, ಆಗಲೇ ಅನ್‌ರಿಜಿಸ್ಟರ್ ಆದ ನೆಟ್‌ಡೆವ್ ಮೇಲೆ ‘ನೆಟಿಫ್_ಕ್ಯಾರಿಯರ್_ಆಫ್’ ಕರೆಯುತ್ತದೆ. ಅದು ‘ಲಿಂಕ್‌ವಾಚ್’ ಅನ್ನುವ ಇನ್ನೊಂದು ವರ್ಕನ್ನು ಎಬ್ಬಿಸುತ್ತದೆ. ಲಿಂಕ್‌ವಾಚ್ ಮುಗಿಯಿತು ಅನ್ನುವ ಖಾತ್ರಿ ಯಾರಿಗೂ ಇರುವುದಿಲ್ಲ. ಅದು ಓಡುವ ಹೊತ್ತಿಗೆ ‘ಫ್ರೀ_ನೆಟ್‌ಡೆವ್’ ಆಗಿರುತ್ತದೆ. ಕ್ರ್ಯಾಶ್. ಸ್ಟ್ಯಾಕ್‌ನಲ್ಲಿ ನಿಮ್ಮ ಡ್ರೈವರಿನ ಹೆಸರೇ ಇರುವುದಿಲ್ಲ, ಅದೇ ಇದರ ಮಜಾ.

2010ರಲ್ಲಿ ಒಂದೇ ವರ್ಕಿಗೆ ಕಾಯುವ ಹೊಸ ಫಂಕ್ಷನ್ ಹಾಕಿದರು, ಆದರೆ ಅದನ್ನು ಮೊದಲಿದ್ದ ಜಾಗಕ್ಕೆ ವಾಪಸ್ ತರಲಿಲ್ಲ. ತಂದಿದ್ದು 2022ರಲ್ಲಿ. ಅಷ್ಟಕ್ಕೂ ಮುಗಿಯಲಿಲ್ಲ. ವರ್ಕ್ ಓಡಿದರೆ ಯುಆರ್‌ಬಿ (ಯುಎಸ್‌ಬಿ ಮೂಲಕ ಡೇಟಾ ಕಳಿಸಲು, ಪಡೆಯಲು ಹಾಕುವ ಕೋರಿಕೆ) ಕಳಿಸುತ್ತದೆ, ಯುಆರ್‌ಬಿ ಮುಗಿದರೆ ವರ್ಕನ್ನು ಎಬ್ಬಿಸುತ್ತದೆ. ಒಂದನ್ನು ನಿಲ್ಲಿಸಿ ಇನ್ನೊಂದರ ಕಡೆ ತಿರುಗುವಷ್ಟರಲ್ಲಿ ಅದು ಮೊದಲನೆಯದನ್ನು ಮತ್ತೆ ಎಬ್ಬಿಸಿರುತ್ತದೆ. 2024ರಲ್ಲಿ ಇದಕ್ಕೆ ‘ಹೊರಟಿದ್ದೇನೆ’ ಅನ್ನುವ ಒಂದು ಫ್ಲ್ಯಾಗ್ ಬಂತು. ಡಿಸ್‌ಕನೆಕ್ಟ್‌ನ ಶುರುವಿನಲ್ಲೇ ಅದನ್ನು ಏರಿಸುತ್ತಾರೆ. ವರ್ಕ್, ಟೈಮರ್ ಹಚ್ಚುವ ಪ್ರತಿ ಜಾಗದಲ್ಲೂ ಅದನ್ನು ನೋಡುತ್ತಾರೆ. ಮತ್ತೆ ‘ಎನ್‌ಡಿಒ_ಸ್ಟಾಪ್’ನಲ್ಲಿ ಟೈಮರ್, ಟಾಸ್ಕ್‌ಲೆಟ್, ವರ್ಕ್ ಮೂರನ್ನೂ ರದ್ದು ಮಾಡಿ, ಮೂರನ್ನೂ ಇನ್ನೊಮ್ಮೆ ರದ್ದು ಮಾಡುತ್ತಾರೆ. ಎರಡನೇ ಸುತ್ತು ನೋಡಿ ಹೊಸಬರು ‘ಇದು ಯಾಕೆ ಎರಡೆರಡು ಸಲ’ ಅಂತ ಅಳಿಸಲು ಹೋಗುತ್ತಾರೆ. ಫ್ಲ್ಯಾಗ್ ಏರುವ ಮುಂಚೆಯೇ ಅದನ್ನು ನೋಡಿ ದಾಟಿದವರು ಮೊದಲ ಸುತ್ತಿನ ನಡುವೆ ಒಂದನ್ನು ಎಬ್ಬಿಸಿರಬಹುದು. ಅದನ್ನು ಹಿಡಿಯುವುದು ಎರಡನೇ ಸುತ್ತು. ಆ ಹೊತ್ತಿಗೆ ಹೊಸದಾಗಿ ಎಬ್ಬಿಸಲು ಫ್ಲ್ಯಾಗ್ ಬಿಡುವುದಿಲ್ಲ.

ಡಿಸ್‌ಕನೆಕ್ಟ್ ಬರೆಯುವ ಕ್ರಮ

ಬಾಡಿಗೆ ಮನೆ ಖಾಲಿ ಮಾಡುವಾಗ ಮೊದಲು ಹಾಲು, ಪೇಪರ್ ಬೇಡ ಅಂತ ಹೇಳುತ್ತೇವೆ, ಆಮೇಲೆ ಬಾಗಿಲಲ್ಲಿ ಬಿದ್ದಿರುವುದನ್ನು ಎತ್ತಿಕೊಳ್ಳುತ್ತೇವೆ, ಕೊನೆಗೆ ಬೀಗದ ಕೈ ಕೊಡುತ್ತೇವೆ. ಇಲ್ಲೂ ಅದೇ ಕ್ರಮ.

ಮೊದಲು ಫ್ಲ್ಯಾಗ್. ಆಮೇಲೆ ‘ಅನ್‌ರಿಜಿಸ್ಟರ್_ನೆಟ್‌ಡೆವ್’. ಇಂಟರ್‌ಫೇಸ್ ಅಪ್ ಇದ್ದರೆ ಇದೇ ನಿಮ್ಮ ‘ಎನ್‌ಡಿಒ_ಸ್ಟಾಪ್’ ಕರೆಯುತ್ತದೆ, ರೆಫರೆನ್ಸ್‌ಗಳೆಲ್ಲ ಬಿಡುವವರೆಗೆ ಕಾಯುತ್ತದೆ. ಇದು ವಾಪಸ್ ಬಂದಮೇಲೆ ನೆಟ್‌ವರ್ಕ್ ಸ್ಟ್ಯಾಕ್ ಕಡೆಯಿಂದ ನಿಮ್ಮನ್ನು ಯಾರೂ ಕರೆಯುವುದಿಲ್ಲ. ಹಾಗಾಗಿ ಇದಕ್ಕೂ ಮುಂಚೆ ಬಫರ್, ಯುಆರ್‌ಬಿ ಏನನ್ನೂ ಫ್ರೀ ಮಾಡಬಾರದು. ಪ್ಯಾಕೆಟ್ ಇನ್ನೂ ಬರುತ್ತಿರಬಹುದು ಅಲ್ವಾ.

‘ಎನ್‌ಡಿಒ_ಸ್ಟಾಪ್’ ಒಳಗೆ ಕ್ಯೂ ನಿಲ್ಲಿಸಿ, ನ್ಯಾಪಿ (ಬಂದ ಪ್ಯಾಕೆಟ್‌ಗಳನ್ನು ಒಟ್ಟಾಗಿ ಎತ್ತಿಕೊಳ್ಳುವ ವ್ಯವಸ್ಥೆ) ಡಿಸೇಬಲ್ ಮಾಡಿ, ಯುಆರ್‌ಬಿಗಳನ್ನು ಕೊಲ್ಲಿ. ಬರೀ ಕಿಲ್ ಮಾಡಿದರೆ ಯಾರಾದರೂ ಮತ್ತೆ ಸಬ್ಮಿಟ್ ಮಾಡಬಹುದು. ಯುಆರ್‌ಬಿಗಳನ್ನು ಆ್ಯಂಕರ್‌ಗೆ ಕಟ್ಟಿ ‘ಯುಎಸ್‌ಬಿ_ಪಾಯ್ಸನ್_ಆ್ಯಂಕರ್ಡ್_ಯುಆರ್‌ಬಿಸ್’ ಕರೆದರೆ ಮುಂದಿನ ಸಬ್ಮಿಟ್ ತಾನಾಗಿ ಸೋಲುತ್ತದೆ. ಮತ್ತೆ ಅಪ್ ಮಾಡುವಾಗ ಅನ್‌ಪಾಯ್ಸನ್ ಮಾಡಲು ಮರೆಯಬೇಡಿ. ಕಿಲ್ ಆಗಲಿ ಪಾಯ್ಸನ್ ಆಗಲಿ ನಿದ್ದೆ ಹೋಗಬಲ್ಲವು, ಸ್ಪಿನ್‌ಲಾಕ್ ಹಿಡಿದುಕೊಂಡು ಕರೆಯಬೇಡಿ, ಕಂಪ್ಲೀಶನ್ ಹ್ಯಾಂಡ್ಲರ್ ಒಳಗಿನಿಂದಲೂ ಬೇಡ.

ವರ್ಕ್ ರದ್ದು ಮಾಡುವುದು ಎಲ್ಲಿ? ಆ ವರ್ಕ್ ಆರ್‌ಟಿಎನ್‌ಎಲ್ ಲಾಕ್ ತೆಗೆದುಕೊಳ್ಳದಿದ್ದರೆ ‘ಎನ್‌ಡಿಒ_ಸ್ಟಾಪ್’ನಲ್ಲೇ ಮಾಡಿ, ಅದೇ ಒಳ್ಳೆಯದು. ತೆಗೆದುಕೊಳ್ಳುತ್ತಿದ್ದರೆ ಅಲ್ಲಿ ‘ಕ್ಯಾನ್ಸಲ್_ವರ್ಕ್_ಸಿಂಕ್’ ಕರೆಯುವುದು ನೇರವಾಗಿ ಡೆಡ್‌ಲಾಕ್, ಅನ್‌ರಿಜಿಸ್ಟರ್ ಆದಮೇಲೆ ಕರೆಯಬೇಕು. ಆಗ ಆ ವರ್ಕ್ ನೆಟ್‌ಡೆವ್ ಮುಟ್ಟುವ ಮೊದಲು ಫ್ಲ್ಯಾಗ್ ನೋಡಲೇಬೇಕು. ಲಾಕ್‌ಡೆಪ್ ಬೇಕು ಅಂದಿದ್ದು ಇದಕ್ಕೇ, ಡೆಡ್‌ಲಾಕ್ ನಿಜವಾಗಿ ಆಗದಿದ್ದರೂ ಆಗಬಹುದು ಅಂತ ಹೇಳಿಬಿಡುತ್ತದೆ. ತನ್ನನ್ನು ತಾನೇ ಮತ್ತೆ ಹಚ್ಚಿಕೊಳ್ಳುವ ಟೈಮರ್ ಇದ್ದರೆ 6.2ರಿಂದ ‘ಟೈಮರ್_ಶಟ್‌ಡೌನ್_ಸಿಂಕ್’ ಇದೆ, ಅದಾದಮೇಲೆ ಯಾರು ಹಚ್ಚಿದರೂ ಹತ್ತುವುದಿಲ್ಲ. ವರ್ಕಿಗೆ ಅದೇ ತರಹದ್ದು ‘ಡಿಸೇಬಲ್_ವರ್ಕ್_ಸಿಂಕ್’, 6.10ರಿಂದ. ಹಳೇ ಕರ್ನಲ್‌ನಲ್ಲಿ ಇದ್ದರೆ ಫ್ಲ್ಯಾಗ್ ಮತ್ತು ಎರಡು ಸುತ್ತು.

ಎಲ್ಲಾ ಆದಮೇಲೆ ಕೊನೆಯ ಸಾಲು ‘ಫ್ರೀ_ನೆಟ್‌ಡೆವ್’. ನಿಜವಾಗಿಯೂ ಕೊನೆಯ ಸಾಲು. ನಿಮ್ಮ ಪ್ರೈವೇಟ್ ಸ್ಟ್ರಕ್ಚರ್ ನೆಟ್‌ಡೆವ್ ಜೊತೆಗೇ ಅಲೊಕೇಟ್ ಆಗಿರುತ್ತದೆ, ನೆಟ್‌ಡೆವ್ ಹೋದರೆ ಅದೂ ಹೋಯಿತು. ಆದರೂ ಫ್ರೀ ಮಾಡಿದ ಮುಂದಿನ ಸಾಲಿನಲ್ಲಿ ಪ್ರೈವೇಟ್‌ನ ಒಳಗಿನ ಬಫರ್ ಫ್ರೀ ಮಾಡುವ ಕೋಡ್ ಈಗಲೂ ಕಾಣುತ್ತದೆ. ಇದು ಗ್ರೆಪ್ ಮಾಡಿದರೇ ಸಿಗುವಂಥ ಬಗ್, ಡ್ರೈವರ್ ಕೈಗೆ ಬಂದ ದಿನವೇ ನೋಡಿಬಿಡಿ.

ಪಿಸಿಐ ಕಾರ್ಡ್‌ಗಳಲ್ಲಿ ‘ಡೆವ್‌ಎಂ’ (ಡಿವೈಸ್ ಹೋದಾಗ ತಾನಾಗಿ ಬಿಡುಗಡೆ ಆಗುವ ವ್ಯವಸ್ಥೆ) ಬೆರಕೆ ಮಾಡಿ ಕೆಡಿಸಿಕೊಳ್ಳುವುದು ಜಾಸ್ತಿ. ಇಂಟರಪ್ಟನ್ನು ‘ಡೆವ್‌ಎಂ_ರಿಕ್ವೆಸ್ಟ್_ಐಆರ್‌ಕ್ಯೂ’ನಿಂದ ತೆಗೆದುಕೊಂಡಿದ್ದಾರೆ, ನೆಟ್‌ಡೆವ್ ಮಾತ್ರ ಕೈಯಾರೆ ಅಲೊಕೇಟ್ ಮಾಡಿ ‘ರಿಮೂವ್’ನಲ್ಲಿ ಕೈಯಾರೆ ಫ್ರೀ ಮಾಡುತ್ತಾರೆ. ಡೆವ್‌ಎಂ ಬಿಡುಗಡೆ ಆಗುವುದು ‘ರಿಮೂವ್’ ಮುಗಿದ ಮೇಲೆ. ನಡುವೆ ಒಂದು ಇಂಟರಪ್ಟ್ ಬಂದರೆ ಹ್ಯಾಂಡ್ಲರ್‌ಗೆ ಸಿಗುವುದು ಫ್ರೀ ಆದ ಪ್ರೈವೇಟ್. ಎರಡನ್ನೂ ಡೆವ್‌ಎಂ ಮಾಡಿ, ನೆಟ್‌ಡೆವ್ ಮೊದಲು ಇಂಟರಪ್ಟ್ ಆಮೇಲೆ ತೆಗೆದುಕೊಂಡರೆ ಬಿಡುಗಡೆ ಉಲ್ಟಾ ಕ್ರಮದಲ್ಲಿ ಸರಿಯಾಗಿ ಆಗುತ್ತದೆ. ಅಥವಾ ಎರಡನ್ನೂ ಕೈಯಾರೆ ಮಾಡಿ, ಅರ್ಧಂಬರ್ಧ ಬೇಡ. ಹಂಚಿಕೊಂಡ ಇಂಟರಪ್ಟ್ ಆದರೆ ಕರ್ನಲ್‌ನ ಡಿಬಗ್ ಎಸ್‌ಎಚ್‌ಐಆರ್‌ಕ್ಯೂ ಆಯ್ಕೆ ಆನ್ ಮಾಡಿ. ಇಂಟರಪ್ಟ್ ಬಿಡುವ ಹೊತ್ತಿಗೆ ಅದು ಬೇಕೆಂದೇ ಒಂದು ಸುಳ್ಳು ಇಂಟರಪ್ಟ್ ಕಳಿಸಿ ಈ ತಪ್ಪನ್ನು ಬಯಲಿಗೆ ಎಳೆಯುತ್ತದೆ.

ಸತ್ತ ಹಾರ್ಡ್‌ವೇರ್ ಕೊಡುವ ಉತ್ತರಗಳು

ಯುಎಸ್‌ಬಿಯಲ್ಲಿ ಕಿತ್ತ ಕ್ಷಣಕ್ಕೂ ಡಿಸ್‌ಕನೆಕ್ಟ್ ಓಡುವ ಕ್ಷಣಕ್ಕೂ ನಡುವೆ ಒಂದು ಅಂತರ ಇದೆ. ಹಬ್ ಡ್ರೈವರಿಗೆ ಸುದ್ದಿ ಮುಟ್ಟಬೇಕು. ಅಲ್ಲಿಯವರೆಗೆ ಪ್ರತಿ ಯುಆರ್‌ಬಿಯೂ ‘ಇಪ್ರೋಟೋ’ ಅಥವಾ ‘ಇಐಎಲ್‌ಎಸ್‌ಇಕ್ಯೂ’ ಅನ್ನುವ ಎರರ್ ಹೊತ್ತು ವಾಪಸ್ ಬರುತ್ತದೆ. ಇದೇ ಎರರ್ ಕೇಬಲ್ ಕೆಟ್ಟಿದ್ದರೂ ಬರುತ್ತದೆ, ಹಾಗಾಗಿ ಡ್ರೈವರ್ ‘ಇನ್ನೊಮ್ಮೆ ಪ್ರಯತ್ನಿಸೋಣ’ ಅಂತ ಕೂಡಲೇ ಮತ್ತೆ ಸಬ್ಮಿಟ್ ಮಾಡುತ್ತದೆ. ಅದೂ ಸೋಲುತ್ತದೆ. ಮತ್ತೆ ಸಬ್ಮಿಟ್. ಪ್ರತಿ ಸಲ ಲಾಗ್‌ಗೆ ಒಂದು ಸಾಲು ಬೇರೆ. ಸೀರಿಯಲ್ ಕನ್ಸೋಲ್ ಇರುವ ಬೋರ್ಡ್‌ನಲ್ಲಿ ಈ ಒಂದೇ ಕಾರಣಕ್ಕೆ ಮಷಿನ್ ಸೆಕೆಂಡುಗಟ್ಟಲೆ ಜಾಮ್ ಆಗುತ್ತದೆ. ಯುಎಸ್‌ಬಿನೆಟ್ ಇಲ್ಲಿ ಜಾಣತನ ಮಾಡಿದೆ: ಇಂಥ ಎರರ್ ಬಂದರೆ ಒಂದು ಟೈಮರ್ ಹಚ್ಚಿ ಸೆಕೆಂಡಿನ ಎಂಟನೇ ಒಂದು ಭಾಗ ಸುಮ್ಮನಿರುತ್ತದೆ, ಅಷ್ಟರಲ್ಲಿ ಹಬ್ ಡ್ರೈವರಿಗೆ ವಿಷಯ ಗೊತ್ತಾಗಲಿ ಅಂತ. ನೀವೂ ಹಾಗೇ ಮಾಡಿ. ‘ಇಷಟ್‌ಡೌನ್’, ‘ಇನೋಎಂಟ್’, ‘ಇಕನೆಕ್ಟ್‌ರಿಸೆಟ್’ ಬಂದರೆ ಮಾತ್ರ ಸುಮ್ನೆ ವಾಪಸ್ ಹೋಗಿ, ಲಾಗ್‌ಗೂ ಬರೆಯಬೇಡಿ.

ಕಂಟ್ರೋಲ್ ಮೆಸೇಜ್‌ನಿಂದ ರಿಜಿಸ್ಟರ್ ಓದುವಾಗ ವಾಪಸ್ ಬಂದ ಸಂಖ್ಯೆ ನೋಡಿ. ಎರಡು ಬೈಟ್ ಕೇಳಿದ್ದಕ್ಕೆ ಒಂದೇ ಬಂದರೆ ಅದೂ ಸೋಲೇ. ‘ಸೊನ್ನೆಗಿಂತ ಕಡಿಮೆಯಾ’ ಅಂತ ಮಾತ್ರ ನೋಡಿದರೆ ಉಳಿದ ಬೈಟ್‌ನಲ್ಲಿರುವ ಕಸವನ್ನೇ ಫೈ (ಕೇಬಲ್ ಲಿಂಕ್ ನೋಡಿಕೊಳ್ಳುವ ಭಾಗ) ಸ್ಟೇಟಸ್ ಅಂತ ನಂಬಿ ಮುಂದೆ ಹೋಗುತ್ತೀರಿ. 5.10ರಿಂದ ‘ಯುಎಸ್‌ಬಿ_ಕಂಟ್ರೋಲ್_ಎಂಎಸ್‌ಜಿ_ರಿಸೀವ್’ ಇದೆ, ಪೂರ್ತಿ ಬಂದರೆ ಸೊನ್ನೆ, ಇಲ್ಲದಿದ್ದರೆ ಎರರ್. ಹೊಸ ಕೋಡ್‌ಗೆ ಅದನ್ನೇ ಬಳಸಿ. ಡಿಸ್‌ಕನೆಕ್ಟ್‌ನಲ್ಲಿ ಚಿಪ್ಪನ್ನು ಮಲಗಿಸಲು ರಿಜಿಸ್ಟರ್ ಬರೆಯುವ ಕೋಡ್ ಇದ್ದರೆ ಒಂದು ವಿಷಯ ನೆನಪಿರಲಿ: ಡಿಸ್‌ಕನೆಕ್ಟ್ ಬರುವುದು ಕಿತ್ತಾಗ ಮಾತ್ರ ಅಲ್ಲ, ಮಾಡ್ಯೂಲ್ ತೆಗೆದಾಗಲೂ. ರಿಯಲ್‌ಟೆಕ್ ಚಿಪ್‌ಗಳ ‘ಆರ್8152’ ಡ್ರೈವರ್ ನೋಡಿ, ಯುಎಸ್‌ಬಿ ಡಿವೈಸ್‌ನ ಸ್ಟೇಟ್ ‘ನಾಟ್ ಅಟ್ಯಾಚ್ಡ್’ ಆಗಿದ್ದರೆ ಮಾತ್ರ ಕಿತ್ತಿದೆ ಅಂತ ಗುರುತು ಹಾಕಿಕೊಳ್ಳುತ್ತದೆ, ಆಮೇಲೆ ಹಾರ್ಡ್‌ವೇರ್ ತಂಟೆಗೇ ಹೋಗುವುದಿಲ್ಲ.

ಪಿಸಿಐ ಕಥೆ ಬೇರೆ. ಇಲ್ಲಿ ಎರರ್ ಅನ್ನುವುದೇ ಬರುವುದಿಲ್ಲ. ಥಂಡರ್‌ಬೋಲ್ಟ್ ಡಾಕ್ ಕಿತ್ತಮೇಲೆ ಅದರೊಳಗಿನ ಕಾರ್ಡಿನ ರಿಜಿಸ್ಟರ್ ಓದಿದರೆ ಎಲ್ಲಾ ಬಿಟ್‌ಗಳೂ 1 ಆಗಿರುವ ಸಂಖ್ಯೆ ಬರುತ್ತದೆ, ಎಂಟು ಎಫ್. ಡ್ರೈವರ್ ಅದನ್ನು ನಿಜ ಅಂತ ನಂಬಿದರೆ ಏನೇನಾಗುತ್ತೆ ನೋಡಿ. ಇಂಟರಪ್ಟ್ ಹ್ಯಾಂಡ್ಲರ್‌ಗೆ ಎಲ್ಲಾ ಇಂಟರಪ್ಟ್‌ಗಳೂ ಒಟ್ಟಿಗೆ ಬಂದಂತೆ ಕಾಣುತ್ತದೆ. ಅಂಕಿಅಂಶದ ಕೌಂಟರ್‌ಗಳು ಆಕಾಶಕ್ಕೆ ಹಾರುತ್ತವೆ. ‘ಬ್ಯುಸಿ ಬಿಟ್ ಇಳಿಯುವವರೆಗೆ ಕಾಯಿ’ ಅನ್ನುವ ಲೂಪ್ ಎಂದೂ ಮುಗಿಯುವುದಿಲ್ಲ, ಯಾಕೆಂದರೆ ಆ ಬಿಟ್ ಇಳಿಯುವುದೇ ಇಲ್ಲ. ಅಂಥ ಲೂಪ್‌ಗಳನ್ನೆಲ್ಲ ಹುಡುಕಿ ‘ರೀಡ್‌ಎಲ್_ಪೋಲ್_ಟೈಮೌಟ್’ಗೆ ಬದಲಾಯಿಸಿ. ಇಂಟೆಲ್‌ನ ‘ಐಜಿಬಿ’ ಡ್ರೈವರ್ ರಿಜಿಸ್ಟರ್ ಓದುವ ಫಂಕ್ಷನ್ ಒಳಗೇ ಈ ಚೆಕ್ ಇಟ್ಟಿದೆ: ಎಲ್ಲಾ ಎಫ್ ಬಂದರೆ, ನಿಜವಾಗಿಯೂ ಅದೇ ಬೆಲೆ ಇರಬಹುದಲ್ಲ ಅಂತ, ಮೊದಲನೇ ರಿಜಿಸ್ಟರನ್ನೂ ಓದಿ ನೋಡುತ್ತದೆ. ಅದೂ ಎಫ್ ಆದರೆ ಪಿಸಿಐಇ ಲಿಂಕ್ ಹೋಗಿದೆ ಅಂತ ಲಾಗ್ ಬರೆದು, ರಿಜಿಸ್ಟರ್ ವಿಳಾಸವನ್ನೇ ನಲ್ ಮಾಡಿಕೊಳ್ಳುತ್ತದೆ. ಮುಂದಿನ ಓದುಗಳು ಆ ನಲ್ ನೋಡಿ ಹಾರ್ಡ್‌ವೇರ್ ಮುಟ್ಟದೆ ವಾಪಸ್ ಬರುತ್ತವೆ. ನಲ್ ಚೆಕ್ ಕೆಲಸಕ್ಕೆ ಬರುವ ಕೆಲವೇ ಜಾಗಗಳಲ್ಲಿ ಇದೊಂದು.

ಕ್ರ್ಯಾಶ್ ಇಲ್ಲ, ಆದರೆ ನೇತಾಡುತ್ತಿದೆ

ಲಾಗಿನಲ್ಲಿ ಹತ್ತು ಸೆಕೆಂಡಿಗೊಮ್ಮೆ ‘ಅನ್‌ರಿಜಿಸ್ಟರ್_ನೆಟ್‌ಡಿವೈಸ್: ವೇಯ್ಟಿಂಗ್ ಫಾರ್ ಇಟಿಎಚ್1 ಟು ಬಿಕಮ್ ಫ್ರೀ’ ಅಂತ ಬರುತ್ತಿದ್ದರೆ ಯಾರೋ ನೆಟ್‌ಡೆವ್ ರೆಫರೆನ್ಸ್ ಹಿಡಿದು ಬಿಟ್ಟಿಲ್ಲ. ‘ಡೆವ್_ಹೋಲ್ಡ್’ಗಳನ್ನು ಒಂದೊಂದಾಗಿ ಎಣಿಸುತ್ತಾ ಕೂರಬೇಡಿ, 5.17ರಿಂದ ರೆಫರೆನ್ಸ್ ಟ್ರ್ಯಾಕರ್ ಇದೆ, ಟ್ರ್ಯಾಕ್ ಮಾಡಿ ಹಿಡಿದ ರೆಫರೆನ್ಸ್ ಆದರೆ ಯಾರು ಹಿಡಿದರು ಅಂತ ಸ್ಟ್ಯಾಕ್ ಸಮೇತ ಹೇಳುತ್ತದೆ. ತಪ್ಪು ನಿಮ್ಮ ಡ್ರೈವರಿನದ್ದೇ ಆಗಿರಬೇಕು ಅಂತೇನೂ ಇಲ್ಲ.

ಸಂದೇಶವೇ ಇಲ್ಲದೆ ‘ನ್ಯಾಪಿ_ಡಿಸೇಬಲ್’ನಲ್ಲಿ ನಿಂತಿದ್ದರೆ ಅದನ್ನು ಎರಡು ಸಲ ಕರೆದಿದ್ದೀರಿ. ಎರಡನೇ ಕರೆ ಯಾವತ್ತೂ ವಾಪಸ್ ಬರುವುದಿಲ್ಲ. ಪಿಸಿಐ ಎರರ್ ಹ್ಯಾಂಡ್ಲರ್ ಒಮ್ಮೆ ಇಂಟರ್‌ಫೇಸ್ ಇಳಿಸಿ, ಆಮೇಲೆ ‘ರಿಮೂವ್’ ಇನ್ನೊಮ್ಮೆ ಇಳಿಸಿದಾಗ ಹೀಗಾಗುತ್ತದೆ. ಇಳಿಸಿದ್ದೇವೋ ಇಲ್ಲವೋ ಅನ್ನುವುದಕ್ಕೆ ಒಂದು ಬಿಟ್ ಇಟ್ಟುಕೊಳ್ಳಿ.

ಪ್ಯಾಚ್ ಕಳಿಸುವಾಗ

ಮೇನ್‌ಲೈನ್ ಡ್ರೈವರ್ ಆದರೆ ನಿಮ್ಮ ಟ್ರೀಯಲ್ಲೇ ಇಟ್ಟುಕೊಳ್ಳಬೇಡಿ, ಕಳಿಸಿ. ನೆಟ್‌ವರ್ಕಿಂಗ್ ವಿಭಾಗದಲ್ಲಿ ಬಗ್ ಫಿಕ್ಸ್‌ಗೆ ಪ್ಯಾಚ್ ಶೀರ್ಷಿಕೆಯಲ್ಲಿ ‘ನೆಟ್’ ಅಂತ ಹಾಕಬೇಕು, ‘ನೆಟ್-ನೆಕ್ಸ್ಟ್’ ಹೊಸ ಸೌಲಭ್ಯಗಳಿಗೆ. ‘ಫಿಕ್ಸಸ್’ ಸಾಲಿನಲ್ಲಿ ಬಗ್ ತಂದ ಕಮಿಟ್‌ನ ಹ್ಯಾಶ್‌ನ ಮೊದಲ 12 ಅಕ್ಷರ ಬೇಕು, ಅದನ್ನು ಹುಡುಕಲು ಗಿಟ್ ಬ್ಲೇಮ್ ಹಿಡಿದು ಹಿಂದೆ ಹೋಗಿ. ಮೇಲಿನ ಕಥೆಯಂತೆ ಇಪ್ಪತ್ತು ವರ್ಷ ಹಿಂದೆ ಹೋದರೂ ಆಶ್ಚರ್ಯ ಇಲ್ಲ. ಕಮಿಟ್ ಸಂದೇಶದಲ್ಲಿ ಎರಡು ಸಿಪಿಯುಗಳಲ್ಲಿ ಯಾವುದು ಮೊದಲು ಯಾವುದು ಆಮೇಲೆ ಓಡುತ್ತದೆ ಅನ್ನುವುದನ್ನು ಅಕ್ಕಪಕ್ಕ ಎರಡು ಕಾಲಂ ಮಾಡಿ ಬರೆಯಿರಿ, ಕೆಎಸ್ಯಾನ್ ಸ್ಟ್ಯಾಕನ್ನು ಡಿಕೋಡ್ ಮಾಡಿ ಬೇಕಾದಷ್ಟೇ ಹಾಕಿ. ನಿದ್ದೆ ಹಾಕಿ ಪರೀಕ್ಷೆ ಮಾಡಿದ್ದನ್ನೂ ಹೇಳಿ. ವಿಮರ್ಶೆ ಬೇಗ ಬಂದರೂ, ಹಿಂದಿನದನ್ನು ಕಳಿಸಿ ಕನಿಷ್ಠ 24 ಗಂಟೆ ಆಗುವವರೆಗೆ ಹೊಸ ವರ್ಶನ್ ಕಳಿಸಬಾರದು, ಅದು ಅಲ್ಲಿನ ನಿಯಮ. ಆ ಹೊತ್ತಿನಲ್ಲಿ ಅದೇ ಚಿಪ್ ಕುಟುಂಬದ ಪಕ್ಕದ ಡ್ರೈವರ್ ಫೈಲನ್ನೂ ತೆಗೆದು ನೋಡಿ. ಡಿಸ್‌ಕನೆಕ್ಟ್ ಫಂಕ್ಷನ್ ಕಾಪಿ ಆಗಿ ಬಂದಿದ್ದರೆ ಬಗ್ ಕೂಡ ಜೊತೆಗೇ ಬಂದಿರುತ್ತದೆ.